ಹಿಂದಕ್ಕೆ ಹೋದ ಸೀಟು ಮುಂದಕ್ಕೆ ಬರುತ್ತಿಲ್ಲವೇ? ಪವರ್ ಸೀಟ್ ಸ್ವಿಚ್ ಹೀಗೆ ಸರಿ ಮಾಡಿ

ನಮ್ಮ ಭಾವ ಎತ್ತರದ ಆಳು. ಅವರು ಓಡಿಸಿ ನಿಲ್ಲಿಸಿದ ಕಾರಿನ ಸೀಟು ಪೂರ್ತಿ ಹಿಂದಿರುತ್ತದೆ. ಒಂದು ಬೆಳಿಗ್ಗೆ ಅಕ್ಕ ಕುಳಿತು ಸ್ವಿಚ್ ಒತ್ತಿದರೆ ಸೀಟು ಜಪ್ಪಯ್ಯ ಅನ್ನಲಿಲ್ಲ. ಬ್ರೇಕ್ ಕಾಲಿಗೆ ಎಟುಕುತ್ತಿಲ್ಲ. ಗ್ಯಾರೇಜಿಗೆ ಫೋನ್ ಮಾಡಿದರೆ, ಕಾರು ನೋಡದೆಯೇ ಮೋಟರ್, ಸ್ವಿಚ್ ಎರಡೂ ಬದಲಾಯಿಸಬೇಕು ಅಂದರಂತೆ.

ನಾನು ಕೇಳಿದ್ದು ಒಂದೇ ಪ್ರಶ್ನೆ. "ಅಕ್ಕಾ, ನಿನ್ನೆ ಭಾವ ಸೀಟು ಹಿಂದಕ್ಕೆ ತಗೊಂಡಿದ್ದು ಇದೇ ಸ್ವಿಚ್ಚಲ್ಲಿ ತಾನೇ?"

"ಹೌದು ಕಣೋ, ಇನ್ಯಾವುದರಲ್ಲಿ?"

ಹಾಗಾದರೆ ಮೋಟರ್, ಫ್ಯೂಸ್ ಎರಡೂ ಬಹುಶಃ ಚೆನ್ನಾಗಿಯೇ ಇವೆ. ಯಾಕೆ ಅಂತ ತಿಳಿಯಲು ಆ ಪುಟ್ಟ ಸ್ವಿಚ್ ಏನು ಮಾಡುತ್ತದೆ ಅಂತ ನೋಡಬೇಕು.

ಸೀಟಿನ ಒಂದೊಂದು ಚಲನೆಗೂ ಒಂದೊಂದು ಮೋಟರ್ ಇರುತ್ತದೆ. ಹಿಂದೆ-ಮುಂದೆ ಸರಿಯಲು ಒಂದು, ಒರಗಲು ಒಂದು, ಎತ್ತರಕ್ಕೆ ಇನ್ನೊಂದು. ಮೋಟರಿಗೆ ಎರಡೇ ವೈರು. ಸುಮ್ಮನಿದ್ದಾಗ ಸ್ವಿಚ್ ಎರಡನ್ನೂ ಕಾರಿನ ಬಾಡಿಗೆ, ಅಂದರೆ ಅರ್ತ್‌ಗೆ ಸೇರಿಸಿರುತ್ತದೆ. ಮುಂದಕ್ಕೆ ಒತ್ತಿದರೆ ಒಂದು ವೈರಿಗೆ 12 ವೋಲ್ಟ್ ಬರುತ್ತದೆ, ಇನ್ನೊಂದು ಅರ್ತ್‌ನಲ್ಲೇ ಉಳಿಯುತ್ತದೆ. ಹಿಂದಕ್ಕೆ ಒತ್ತಿದರೆ ಅದಲು ಬದಲು. ಮೋಟರ್ ಉಲ್ಟಾ ತಿರುಗುವುದು ಇಷ್ಟರಿಂದಲೇ. ಹಾಗಾಗಿ ಒಂದು ದಿಕ್ಕಿಗೆ ಓಡಿ ಇನ್ನೊಂದಕ್ಕೆ ಓಡದಿದ್ದರೆ, ಹೆಚ್ಚಾಗಿ ಸ್ವಿಚ್ಚಿನೊಳಗೆ ಯಾವುದೋ ಕಾಂಟ್ಯಾಕ್ಟ್ (ಕರೆಂಟು ದಾಟಿಸುವ ಲೋಹದ ತುಂಡು) ಕರಿ ಹಿಡಿದಿದೆ ಅಂತಲೇ ಅರ್ಥ.

ಬೇರೆ ಲಕ್ಷಣಗಳೂ ಹೀಗೇ ಮಾತಾಡುತ್ತವೆ. ಯಾವ ಚಲನೆಯೂ ಇಲ್ಲವಾದರೆ ಮೊದಲು ಫ್ಯೂಸ್ ನೋಡಿ. ಸುಟ್ಟಿದ್ದರೆ ಅದೇ ಆಂಪಿಯರಿನದನ್ನೇ ಹಾಕಿ, ಜಾಸ್ತಿಯದು ಬೇಡವೇ ಬೇಡ. ಮತ್ತೆ ಸುಟ್ಟರೆ ಸೀಟಿನಡಿ ವೈರು ಉಜ್ಜಿ ಶಾರ್ಟ್ ಆಗಿರಬಹುದು. ಮೋಟರಿನ ಸದ್ದು ಕೇಳುತ್ತದೆ, ಸೀಟು ಮಾತ್ರ ಕದಲದು ಅಂದರೆ ಗೇರೋ, ಅದಕ್ಕೆ ಸೇರಿದ ಕೇಬಲ್ಲೋ ಸವೆದಿದೆ. ಆಗ ಸ್ವಿಚ್ ಮುಟ್ಟಿ ಪ್ರಯೋಜನವಿಲ್ಲ.

ಸದ್ದೇ ಇಲ್ಲದಿದ್ದರೆ ರಾತ್ರಿ ಹೊತ್ತು ಹೀಗೊಂದು ಪರೀಕ್ಷೆ ಮಾಡಿ. ಎಂಜಿನ್ ಆಫ್ ಇರಲಿ, ಒಳಗಿನ ಲೈಟು ಹಾಕಿ ಸ್ವಿಚ್ ಒತ್ತಿ. ಲೈಟು ತುಸು ಮಂಕಾದರೆ ಮೋಟರಿಗೆ ಕರೆಂಟು ಹೋಗುತ್ತಿದೆ, ಆದರೆ ಮೋಟರೋ ಸೀಟೋ ಎಲ್ಲೋ ಸಿಕ್ಕಿಕೊಂಡಿದೆ. ಮಂಕಾಗದಿದ್ದರೆ ಹೆಚ್ಚಾಗಿ ಕರೆಂಟೇ ತಲುಪುತ್ತಿಲ್ಲ. ಎಲ್‌ಇಡಿ ಲೈಟಿನಲ್ಲಿ ಇದು ಅಷ್ಟು ಚೆನ್ನಾಗಿ ಕಾಣುವುದಿಲ್ಲ.

ಬಿಚ್ಚುವ ಮುಂಚೆ ಟಾರ್ಚ್ ಹಿಡಿದು ಸೀಟಿನ ಹಳಿಗಳನ್ನೂ ನೋಡಿಬಿಡಿ. ಪೆನ್ನಿನ ಕ್ಯಾಪು, ನಾಣ್ಯ, ಮಕ್ಕಳ ಆಟಿಕೆ, ಏನು ಬೇಕಾದರೂ ಅಡ್ಡ ಕೂತಿರಬಹುದು.

ಈಗ ಮುಖ್ಯವಾದ ಎಚ್ಚರಿಕೆ. ಈಗಿನ ತುಂಬಾ ಕಾರುಗಳಲ್ಲಿ ಸೀಟಿನ ಪಕ್ಕದಲ್ಲೇ ಏರ್‌ಬ್ಯಾಗ್ ಇರುತ್ತದೆ. ಅದರ ವೈರು ಸೀಟಿನಡಿಯಿಂದಲೇ ಹೋಗುತ್ತದೆ, ಕನೆಕ್ಟರ್ ಸಾಮಾನ್ಯವಾಗಿ ಹಳದಿ ಬಣ್ಣದ್ದು. ಅದನ್ನು ಎಳೆಯಬೇಡಿ, ವೋಲ್ಟ್ ಅಳೆಯುವ ಮಲ್ಟಿಮೀಟರಿನ ಕಡ್ಡಿ ತಾಗಿಸಬೇಡಿ. ಇಗ್ನಿಷನ್ ಆಫ್ ಮಾಡಿ, ಬ್ಯಾಟರಿಯ ನೆಗೆಟಿವ್ ವೈರು ತೆಗೆದು, ಕೈಪಿಡಿಯಲ್ಲಿ ಹೇಳಿದಷ್ಟು ಹೊತ್ತು ಕಾಯಿರಿ. ನಾನಂತೂ 10 ನಿಮಿಷ ಬಿಡುತ್ತೇನೆ. ಇದರಲ್ಲಿ ಅವಸರ ಮಾಡುವವರನ್ನು ಕಂಡರೆ ನನಗೆ ನಿಜಕ್ಕೂ ಭಯವಾಗುತ್ತದೆ.

ಆಮೇಲೆ ಸ್ವಿಚ್ಚಿನ ಗುಂಡಿಗಳನ್ನು ನೇರ ಹೊರಕ್ಕೆ ಎಳೆಯಿರಿ. ಹೆಚ್ಚಿನ ಕಾರುಗಳಲ್ಲಿ ಕೈಯಲ್ಲೇ ಬರುತ್ತವೆ. ಪಕ್ಕದ ಪ್ಲಾಸ್ಟಿಕ್ ಕವರಿನ ಸ್ಕ್ರೂ ತೆಗೆದು, ಕ್ಲಿಪ್ಪುಗಳನ್ನು ಪ್ಲಾಸ್ಟಿಕ್ ಪಟ್ಟಿಯಿಂದ ಮೆಲ್ಲಗೆ ಎಬ್ಬಿಸಿ. ಸ್ಕ್ರೂಡ್ರೈವರಿನಿಂದ ಮೀಟಿದರೆ ಕವರ್ ಸೀಳುತ್ತದೆ. ಒಳಗೆ ಸ್ವಿಚ್ ಎರಡು ಮೂರು ಸ್ಕ್ರೂಗಳಲ್ಲಿ ಕೂತಿರುತ್ತದೆ.

ಅಳತೆಗೆ ಬ್ಯಾಟರಿ ಮತ್ತೆ ಜೋಡಿಸಬೇಕು. ಹಳದಿ ಕನೆಕ್ಟರ್ ಜಾಗದಲ್ಲೇ ಇದೆ ಅಂತ ಖಾತ್ರಿ ಮಾಡಿಕೊಳ್ಳಿ. ಮಲ್ಟಿಮೀಟರನ್ನು ಡಿಸಿ 20 ವೋಲ್ಟಿಗೆ ಇಡಿ. ಕಪ್ಪು ಕಡ್ಡಿ ಕಾರಿನ ಬಾಡಿಗೆ, ಕೆಂಪು ಕಡ್ಡಿ ಸ್ವಿಚ್ಚಿಗೆ ಕರೆಂಟು ತರುವ ದಪ್ಪ ವೈರಿಗೆ. ಸುಮಾರು 12 ವೋಲ್ಟ್ ತೋರಿಸಬೇಕು. ಕೆಲವು ಕಾರುಗಳಲ್ಲಿ ಇಗ್ನಿಷನ್ ಆನ್ ಮಾಡಿದರೆ ಮಾತ್ರ ಬರುತ್ತದೆ. ಬಂದಿದ್ದರೆ ಮೋಟರಿಗೆ ಹೋಗುವ ಎರಡು ವೈರುಗಳ ಮೇಲೆ ಕಡ್ಡಿ ಇಟ್ಟು, ಯಾರಿಂದಾದರೂ ಸ್ವಿಚ್ ಒತ್ತಿಸಿ. ಒಂದು ಕಡೆ 12, ಇನ್ನೊಂದು ಕಡೆ ಮೈನಸ್ 12 ಬಂದರೆ ಸ್ವಿಚ್ ಸರಿಯಿದೆ. ಅಕ್ಕನ ಕಾರಿನಲ್ಲಿ ಹಿಂದಕ್ಕೆ 12 ಬಂತು, ಮುಂದಕ್ಕೆ ಬರೀ 3 ಚಿಲ್ಲರೆ.

ಇಲ್ಲಿ ಬಹಳ ಜನ ಎಡವುತ್ತಾರೆ. ಮೋಟರಿನ ಕನೆಕ್ಟರ್ ಕಿತ್ತಿಟ್ಟು ಅಳೆಯುತ್ತಾರೆ. ಆಗ ಸುಟ್ಟ ಕಾಂಟ್ಯಾಕ್ಟ್ ಕೂಡ 12 ವೋಲ್ಟ್ ತೋರಿಸುತ್ತದೆ, ಯಾಕೆಂದರೆ ಮೀಟರ್ ಎಳೆಯುವ ಕರೆಂಟು ಇಲ್ಲವೇನೋ ಅನ್ನುವಷ್ಟು ಕಡಿಮೆ. ಮೋಟರ್ ಕರೆಂಟು ಎಳೆದಾಗಲೇ ಕಾಂಟ್ಯಾಕ್ಟಿನ ಬಣ್ಣ ಬಯಲಾಗುವುದು. ಹಾಗಾಗಿ ಮೋಟರ್ ಜೋಡಿಸಿಟ್ಟೇ, ಕನೆಕ್ಟರಿನ ಹಿಂಬದಿಯಿಂದ ಅಳೆಯಿರಿ. ಅರ್ತ್ ವೈರಿಗೂ ಇದೇ ನಿಯಮ. ಸ್ವಿಚ್ ಒತ್ತಿದಾಗ ಅರ್ತ್ ವೈರಿಗೂ ಬಾಡಿಗೂ ನಡುವೆ ಅರ್ಧ ವೋಲ್ಟಿಗಿಂತ ಜಾಸ್ತಿ ಕಂಡರೆ, ಆ ವೈರು ಬಾಡಿಗೆ ಸೇರುವ ಬೋಲ್ಟಿನಲ್ಲಿ ತುಕ್ಕು ಹಿಡಿದಿದೆಯೇ ನೋಡಿ.

ತಪ್ಪು ಸ್ವಿಚ್ಚಿನದ್ದೇ ಅಂತ ಗೊತ್ತಾದರೆ ಬ್ಯಾಟರಿ ಮತ್ತೆ ಬಿಡಿಸಿ, ಮೊದಲಿನಷ್ಟೇ ಕಾದು, ಸ್ವಿಚ್ ಹೊರತೆಗೆಯಿರಿ. ಅದನ್ನು ಬಿಳಿ ಪಂಚೆಯ ಮೇಲಿಟ್ಟು ಬಿಚ್ಚಿ. ಒಳಗೆ ಸಣ್ಣ ಸ್ಪ್ರಿಂಗು, ತಾಮ್ರದ ತುಂಡುಗಳಿರುತ್ತವೆ. ಹಾರಿಹೋದರೆ ಹುಡುಕಲು ಬಿಳಿ ಬಟ್ಟೆ ಅನುಕೂಲ. ಒಂದೊಂದು ಹಂತಕ್ಕೂ ಮೊಬೈಲಿನಲ್ಲಿ ಫೋಟೊ ತೆಗೆಯಿರಿ. ಹಳೇ ಗ್ರೀಸು ಗಟ್ಟಿಯಾಗಿ, ದೂಳು ಸೇರಿ, ಕರಿ ಮೇಣದ ಹಾಗಾಗಿರುತ್ತದೆ. ಚೆಲ್ಲಿದ ಕಾಫಿಯ ಸಕ್ಕರೆಯೂ ಅಂಟಿರಬಹುದು. ಐಸೊಪ್ರೊಪೈಲ್ ಆಲ್ಕೋಹಾಲ್ ಅಥವಾ ಕಾಂಟ್ಯಾಕ್ಟ್ ಕ್ಲೀನರ್ ಹಾಕಿ, ಹಳೇ ಹಲ್ಲುಜ್ಜುವ ಬ್ರಷ್ಷಿನಿಂದ ಉಜ್ಜಿ. ಬೆಂಗಳೂರಿನವರಿಗೆ ಎಸ್‌.ಪಿ. ರೋಡಿನಲ್ಲಿ ಕ್ಲೀನರೂ ಮೀಟರೂ ಎರಡೂ ಸಿಗುತ್ತವೆ. ಪೆಟ್ರೋಲ್ ಬಳಸಬೇಡಿ, ಬೆಂಕಿಯ ಅಪಾಯವಿದೆ, ಪ್ಲಾಸ್ಟಿಕ್ಕೂ ಹಾಳಾಗಬಹುದು.

ಕಪ್ಪಾದ ಕಾಂಟ್ಯಾಕ್ಟನ್ನು 1000 ನಂಬರಿನ ಎಮರಿ ಪೇಪರಿನಿಂದ ನಾಲ್ಕೈದು ಸಲ ಹಗುರವಾಗಿ ಉಜ್ಜಿದರೆ ಸಾಕು, ಲೋಹ ಹೊಳೆಯುತ್ತದೆ. ಜಾಸ್ತಿ ಉಜ್ಜಿದರೆ ಮೇಲಿನ ಲೇಪ ಹೋಗಿ ಮತ್ತೆ ಬೇಗ ಸುಡುತ್ತದೆ. ಕಾಂಟ್ಯಾಕ್ಟ್ ಗುಳಿ ಬಿದ್ದಿದ್ದರೆ ಅಥವಾ ಪ್ಲಾಸ್ಟಿಕ್ ಕರಗಿದ್ದರೆ ರಿಪೇರಿ ಆಸೆ ಬಿಡಿ, ಹೊಸ ಸ್ವಿಚ್ಚೇ ಹಾಕಿಸಿ. ಕೊನೆಗೆ ಎಲೆಕ್ಟ್ರಿಕಲ್ ಕೆಲಸಕ್ಕೆಂದೇ ಸಿಗುವ ಗ್ರೀಸನ್ನು ತೆಳ್ಳಗೆ ಸವರಿ ಮುಚ್ಚಿ.

ಸೀಟಿಗೆ ಮೆಮೊರಿ ಗುಂಡಿಗಳಿದ್ದರೆ (ಸೀಟು ಇದ್ದ ಜಾಗ ನೆನಪಿಡುವ ಗುಂಡಿಗಳು) ಇದೆಲ್ಲ ಹಾಗೇ ಅನ್ವಯಿಸುವುದಿಲ್ಲ. ಅಲ್ಲಿ ಸ್ವಿಚ್ ಬರೀ ಸಂದೇಶ ಕಳಿಸುತ್ತದೆ, ಮೋಟರ್ ಓಡಿಸುವುದು ಬೇರೊಂದು ಕಂಟ್ರೋಲ್ ಬಾಕ್ಸ್. ಅದಕ್ಕೆ ಕಾರಿನ ಕಂಪ್ಯೂಟರಿನ ದೋಷ ಓದುವ ಸ್ಕ್ಯಾನರ್ ಇರುವವರೇ ಬೇಕು.

ಮತ್ತೊಂದು ಮಾತು. ರಿಪೇರಿ ಆಗುವವರೆಗೆ ಬೆನ್ನಿಗೆ ದಿಂಬು ಒತ್ತಿಕೊಂಡು ಕಾರು ಓಡಿಸಬೇಡಿ. ಜೋರಾಗಿ ಬ್ರೇಕ್ ಒತ್ತುವಾಗ ದಿಂಬು ಕುಗ್ಗಿ ಕಾಲು ಎಟುಕದೇ ಹೋಗಬಹುದು. ಅಕ್ಕನೂ ಅವತ್ತು ಅದನ್ನೇ ಮಾಡಲು ಹೊರಟಿದ್ದಳು, ನಾನು ಬಿಡಲಿಲ್ಲ.

ಕವರ್ ಮುಚ್ಚುವ ಮೊದಲು ಬ್ಯಾಟರಿ ಜೋಡಿಸಿ, ಎಲ್ಲ ಚಲನೆಗಳನ್ನೂ ಆ ತುದಿಯಿಂದ ಈ ತುದಿಗೆ ಎರಡೆರಡು ಸಲ ಓಡಿಸಿ ನೋಡಿ. ಡ್ಯಾಶ್‌ಬೋರ್ಡಿನ ಏರ್‌ಬ್ಯಾಗ್ ಲೈಟು ಹೊತ್ತಿ ಆರಬೇಕು. ಅಕ್ಕನ ಸ್ವಿಚ್ಚಿನಲ್ಲಿ ಕರಿ ಹಿಡಿದಿದ್ದು ಸಾಸಿವೆ ಗಾತ್ರದ ಒಂದೇ ಒಂದು ಕಾಂಟ್ಯಾಕ್ಟ್. ಮಧ್ಯಾಹ್ನದ ಊಟದ ಹೊತ್ತಿಗೆ ಸೀಟು ಮುಂದೆ ಬಂದಿತ್ತು.