ಉದ್ದ ಕೂದಲಿನ ಮೊಲ: ಸಿಕ್ಕು ಬುಡದಲ್ಲಿರುತ್ತದೆ

ಅಂಗೋರಾ ಮೊಲ ಸಾಕಿದವರಲ್ಲಿ ಹೆಚ್ಚಿನವರು ಬಾಚುವುದು ಬೆನ್ನನ್ನು ಮಾತ್ರ. ಮೇಲೆ ನಾಲ್ಕು ಸಲ ಬ್ರಶ್ ಆಡಿಸಿದರೆ ಮೈ ತುಂಬಿ ಚೆಂದ ಕಾಣುತ್ತದೆ, ಫೋಟೊ ತೆಗೆದು ಗೂಡಿಗೆ ಬಿಡುತ್ತಾರೆ. ಅದೇ ಹೊತ್ತಿಗೆ ಕಂಕುಳಲ್ಲಿ, ಕಿವಿಯ ಹಿಂದೆ, ಗದ್ದದ ಕೆಳಗೆ, ಹಿಂಗಾಲುಗಳ ಸಂದಿಯಲ್ಲಿ ಕೂದಲು ಕಂಬಳಿಯ ಹಾಗೆ ಹೆಣೆದುಕೊಂಡು ಚರ್ಮಕ್ಕೆ ಅಂಟಿರುತ್ತದೆ. ಕಾಲು ಎತ್ತಿದಾಗಲೆಲ್ಲ ಆ ಗಂಟು ಚರ್ಮವನ್ನು ಜಗ್ಗುತ್ತದೆ, ಒಳಗೆ ತೇವ ನಿಂತು ಹುಣ್ಣಾಗುತ್ತದೆ. ಮೊಲ ನೋವಿಗೆ ಕೂಗುವ ಪ್ರಾಣಿಯಲ್ಲ. ನಾವೇ ಬೆರಳಿಟ್ಟು ಹುಡುಕಬೇಕು.

ಈ ತಳಿ ತಂಪು ಹವೆಗೆ ಹೊಂದಿದ್ದು. ನಮ್ಮ ದೇಶದಲ್ಲಿ ಉಣ್ಣೆಗಾಗಿ ಇವನ್ನು ಸಾಕುವುದು ಹಿಮಾಚಲದ ಕುಲ್ಲು ಕಣಿವೆಯಂಥ ಕಡೆ. ಅಲ್ಲಿನ ಗರ್ಸಾದಲ್ಲಿ ಕೇಂದ್ರ ಕುರಿ ಮತ್ತು ಉಣ್ಣೆ ಸಂಶೋಧನಾ ಸಂಸ್ಥೆಯ ಕೇಂದ್ರವೂ ಇದೆ. ಉಣ್ಣೆಗೆ ಸಾಕುವವರು ಎರಡೂವರೆ, ಮೂರು ತಿಂಗಳಿಗೊಮ್ಮೆ ಕೂದಲು ಕತ್ತರಿಸಿಬಿಡುತ್ತಾರೆ. ಬೆಂಗಳೂರಿನ ಫ್ಲ್ಯಾಟಿನಲ್ಲಿ ಅಂದಕ್ಕೆಂದು ಬೆಳೆಯಲು ಬಿಟ್ಟ ಮೊಲಕ್ಕೆ ಆ ಬಿಡುಗಡೆ ಇಲ್ಲ.

ಬೇಕಾದ್ದು

ಅಗಲ ಹಲ್ಲಿನ ಸ್ಟೀಲ್ ಬಾಚಣಿಗೆ, ಮೊನೆ ದುಂಡಗಿರುವ ಕತ್ತರಿ, ಒಂದು ಚಿಟಿಕೆ ಕಾರ್ನ್‌ಫ್ಲೋರ್, ಉಗುರು ಕಟರ್, ದಪ್ಪ ಟವೆಲ್. ಇಷ್ಟು ಸಾಕು. ಉದುರುವ ಕೂದಲು ತೆಗೆಯಲೆಂದು ನಾಯಿಗಳಿಗೆ ಮಾರುವ ಬ್ಲೇಡ್ ಇರುವ ಸಾಧನ ಕೊಳ್ಳಬೇಡಿ, ಅದು ಮೊಲದ ತೆಳು ಚರ್ಮವನ್ನು ಸೀಳುತ್ತದೆ. ಸುವಾಸನೆಯ ಡ್ರೈ ಶಾಂಪೂ, ಟಾಲ್ಕಂ ಪೌಡರ್ ಕೂಡ ಬೇಡ. ಮೈಗೆ ಹಾಕಿದ್ದನ್ನೆಲ್ಲ ಮೊಲ ನೆಕ್ಕುತ್ತದೆ, ಪುಡಿಯನ್ನು ಉಸಿರಲ್ಲಿ ಎಳೆದುಕೊಳ್ಳುತ್ತದೆ.

ಹಿಡಿಯುವುದು

ಜಾರದ ಟವೆಲ್ ಹಾಸಿದ ಮೇಜಿನ ಮೇಲೆ, ಅಥವಾ ನೆಲದಲ್ಲಿ ಕೂತು ತೊಡೆಯ ಮೇಲೆ ಕೂರಿಸಿಕೊಳ್ಳಿ. ಎತ್ತುವಾಗ ಒಂದು ಕೈ ಎದೆಯ ಕೆಳಗೆ, ಇನ್ನೊಂದು ಹಿಂಭಾಗದ ಕೆಳಗೆ. ಕಿವಿ ಹಿಡಿದು ಎತ್ತುವುದು ಯಾವ ಕಾರಣಕ್ಕೂ ಕೂಡದು. ಹಿಂಗಾಲಿಗೆ ಆಸರೆ ಇಲ್ಲದೆ ಜೋರಾಗಿ ಒದ್ದರೆ ಅದರ ಬೆನ್ನುಮೂಳೆ ಮುರಿಯಬಹುದು. ಅಂಗಾತ ಮಲಗಿಸಿದರೆ ಅಲುಗಾಡದೆ ಬಿದ್ದುಕೊಳ್ಳುತ್ತದಲ್ಲ, ಅದು ನೆಮ್ಮದಿಯಿಂದಲ್ಲ, ಭಯದಿಂದ.

ಸಿಕ್ಕು ಬಿಡಿಸುವುದು

ಬಾಚಣಿಗೆ ಹಿಡಿಯುವ ಮೊದಲು ಬೆರಳಾಡಿಸಿ. ಮುಂಗಾಲಿನ ಕಂಕುಳಿಂದ ಶುರುಮಾಡಿ, ಹೊಟ್ಟೆ, ತೊಡೆಸಂದಿ, ಬಾಲದ ಬುಡ, ಕಿವಿಯ ಹಿಂದೆ ಹೀಗೆ. ಗಟ್ಟಿಯಾಗಿ ಏನಾದರೂ ತಾಗಿದ ಕಡೆ ಕೂದಲ ಮೇಲೆ ಮೆಲ್ಲಗೆ ಊದಿ. ಕೂದಲು ಸೀಳಿಕೊಂಡು ಗುಲಾಬಿ ಬಣ್ಣದ ಚರ್ಮ ಕಂಡರೆ ಸರಿಯಾಗಿದೆ. ಕಾಣದಿದ್ದರೆ ಅಲ್ಲಿ ಗಂಟಿದೆ.

ಈಗ ಬೈತಲೆ ತೆಗೆದು ಒಂದೊಂದೇ ಎಸಳು ಕೂದಲನ್ನು ಬೇರ್ಪಡಿಸಿ. ಎಡಗೈಯ ಎರಡು ಬೆರಳಲ್ಲಿ ಬುಡವನ್ನು ಗಟ್ಟಿಯಾಗಿ ಹಿಡಿಯಿರಿ, ಎಳೆತ ಚರ್ಮಕ್ಕೆ ತಾಗದೆ ನಿಮ್ಮ ಬೆರಳಿಗೇ ತಾಗಬೇಕು. ಬಲಗೈಯಲ್ಲಿ ಮೊದಲು ತುದಿಯನ್ನಷ್ಟೇ ಬಾಚಿ. ಅದು ಸಲೀಸಾದ ಮೇಲೆ ಸ್ವಲ್ಪ ಕೆಳಕ್ಕೆ, ಮತ್ತೆ ಸ್ವಲ್ಪ ಕೆಳಕ್ಕೆ. ಬುಡದಿಂದ ಒಂದೇ ಸಲ ಎಳೆದರೆ ಸಿಕ್ಕು ಬಿಗಿಯಾಗುತ್ತದೆಯೇ ಹೊರತು ಬಿಡುವುದಿಲ್ಲ.

ಕಡಲೆಕಾಳಿನಷ್ಟು ಚಿಕ್ಕ ಗಂಟಿಗೆ ಕಾರ್ನ್‌ಫ್ಲೋರ್ ಉಜ್ಜಿ, ಎರಡು ಕೈಯ ಹೆಬ್ಬೆರಳು ತೋರುಬೆರಳಿಂದ ಅದನ್ನು ಎರಡಾಗಿ ಬಿಡಿಸಿ, ಆಮೇಲೆ ನಾಲ್ಕಾಗಿ. ಕೊನೆಗೆ ಉಳಿದ ಸಣ್ಣ ಎಳೆಗಳನ್ನು ಬಾಚಣಿಗೆ ತೆಗೆದುಕೊಳ್ಳುತ್ತದೆ. ಇದಕ್ಕೆ ತಾಳ್ಮೆ ಬೇಕು, ಆದರೆ ಮೊಲಕ್ಕೆ ನೋವಾಗುವುದಿಲ್ಲ.

ದೊಡ್ಡ ಗಂಟಿಗೆ ಕತ್ತರಿ ಬೇಕು. ಅನಾಹುತ ಆಗುವುದು ಇಲ್ಲೇ. ಜನ ಗಂಟನ್ನು ಮೇಲಕ್ಕೆ ಎತ್ತಿ ಹಿಡಿದು ಕೆಳಗೆ ಕತ್ತರಿ ಹಾಕುತ್ತಾರೆ. ಎತ್ತಿದಾಗ ಚರ್ಮವೂ ಜೊತೆಗೆ ಎದ್ದು ಬರುತ್ತದೆ, ಕೂದಲ ಮರೆಯಲ್ಲಿ ಅದು ಕಾಣುವುದಿಲ್ಲ. ಒಂದೇ ಕತ್ತರಿಗೆ ಹೊಲಿಗೆ ಹಾಕಬೇಕಾದಷ್ಟು ಗಾಯ. ಹಾಗಾಗಿ ಎತ್ತಬೇಡಿ. ಚರ್ಮಕ್ಕೂ ಗಂಟಿಗೂ ನಡುವೆ ಬಾಚಣಿಗೆ ತೂರಿಸಿ, ಬಾಚಣಿಗೆಯ ಮೇಲ್ಭಾಗದಲ್ಲಿ ಮಾತ್ರ ಕತ್ತರಿಸಿ. ಹೆಣ್ಣು ಮೊಲವಾದರೆ ಹೊಟ್ಟೆಯ ಕೂದಲಲ್ಲಿ ಮೊಲೆತೊಟ್ಟು ಅಡಗಿರುತ್ತವೆ, ಅವನ್ನು ಮೊದಲು ಬೆರಳಲ್ಲಿ ಗುರುತಿಸಿಕೊಳ್ಳಿ. ಬಾಚಣಿಗೆಯೇ ತೂರದಷ್ಟು ಬಿಗಿಯಾಗಿದ್ದರೆ ಅಲ್ಲಿಗೆ ನಿಲ್ಲಿಸಿ. ಅದು ಪಶುವೈದ್ಯರು ಕ್ಲಿಪ್ಪರಿನಲ್ಲಿ ತೆಗೆಯಬೇಕಾದ ಗಂಟು.

ಒಂದು ಸಲಕ್ಕೆ ಹತ್ತು, ಹದಿನೈದು ನಿಮಿಷ ಸಾಕು. ಉಸಿರು ಜೋರಾದರೆ ಬಿಟ್ಟು, ನಾಳೆ ಮುಂದುವರಿಸಿ. ದಿನ ಬಿಟ್ಟು ದಿನ ಬಾಚಿದರೆ ಇಷ್ಟು ಸಾಹಸವೇ ಬೇಕಾಗುವುದಿಲ್ಲ. ಕೂದಲು ಉದುರುವ ಕಾಲದಲ್ಲಿ ದಿನವೂ ಬಾಚಿ.

ಕೊಬ್ಬರಿ ಎಣ್ಣೆ ಹಚ್ಚಿದರೆ ಸಿಕ್ಕು ಬಿಡುತ್ತದೆ ಎಂದು ಹೇಳುವವರಿದ್ದಾರೆ. ಧೂಳು, ಹುಲ್ಲಿನ ಪುಡಿ ಅಂಟಿ ಇನ್ನೊಂದು ಗಂಟಾಗುತ್ತದೆ ಅಷ್ಟೆ. ಸ್ನಾನವಂತೂ ಬೇಡವೇ ಬೇಡ. ಒದ್ದೆ ಉಣ್ಣೆ ಒಣಗುತ್ತಾ ಇನ್ನೂ ಬಿಗಿದುಕೊಳ್ಳುತ್ತದೆ, ಮೊಲ ಚಳಿಗೂ ಭಯಕ್ಕೂ ಸಿಕ್ಕಿ ಸಾಯಲೂಬಹುದು. ‘ಮೊಲದ ಶಾಂಪೂ’ ಎಂದು ಬಾಟಲಿ ಮೇಲೆ ಬರೆದಿದ್ದರೂ ಈ ಮಾತು ಬದಲಾಗದು.

ಹಿಂಭಾಗ

ದಿನಕ್ಕೊಮ್ಮೆ ಬಾಲದ ಕೆಳಗೆ ನೋಡಿ, ಮಳೆಗಾಲದಲ್ಲಿ ಎರಡು ಸಲ. ಮೂತ್ರ ಅಥವಾ ಮೆತ್ತನೆಯ ಹಿಕ್ಕೆ ಅಂಟಿದ ಕೂದಲಿಗೆ ನೊಣ ಮೊಟ್ಟೆಯಿಡುತ್ತದೆ. ಒಂದೇ ದಿನದಲ್ಲಿ ಹುಳುವಾಗಿ ಚರ್ಮ ಕೊರೆಯತೊಡಗುತ್ತದೆ. ಅಂಟಿದ್ದರೆ ಆ ಜಾಗವನ್ನಷ್ಟೇ ಉಗುರುಬೆಚ್ಚಗಿನ ನೀರಲ್ಲಿ ತೊಳೆದು, ಬುಡದವರೆಗೆ ಒಣಗಿಸಿ. ಅಲ್ಲಿನ ಕೂದಲನ್ನು ಯಾವಾಗಲೂ ಗಿಡ್ಡವಾಗಿಟ್ಟರೆ ಕೆಲಸ ಅರ್ಧ ಕಡಿಮೆ. ಪದೇ ಪದೇ ಅಂಟುತ್ತಿದ್ದರೆ ಕ್ಯಾರೆಟ್, ಬಾಳೆಹಣ್ಣು, ಬಿಸ್ಕತ್ತು ಹೆಚ್ಚಾಗಿದೆಯೇ ನೋಡಿ. ಹುಳ ಕಂಡರೆ ಫಿನೈಲ್ ಸುರಿಯಬೇಡಿ, ಆ ಕ್ಷಣವೇ ವೈದ್ಯರಲ್ಲಿಗೆ ಒಯ್ಯಿರಿ.

ಇದರ ಜೊತೆಗೆ ಒಂದು ಎಚ್ಚರಿಕೆ. ಹೊಟ್ಟಿನಂಥ ಪುಡಿ, ತುರಿಕೆ ಕಂಡಾಗ ನಾಯಿಯ ಉಣ್ಣಿಗೆಂದು ತಂದ ಔಷಧವನ್ನು ಮೊಲದ ಕತ್ತಿಗೂ ಎರಡು ಹನಿ ಹಾಕುವುದುಂಟು. ಅದರಲ್ಲಿ ಫಿಪ್ರೊನಿಲ್ ಎಂಬ ಕೀಟನಾಶಕ ಇದ್ದರೆ ಮೊಲಕ್ಕೆ ವಿಷ.

ಉಗುರು, ಸೆಕೆ

ಉಗುರನ್ನು ತಿಂಗಳು, ಒಂದೂವರೆ ತಿಂಗಳಿಗೊಮ್ಮೆ ಕತ್ತರಿಸಿ, ಒಳಗಿನ ಕೆಂಪು ನರ ಬಿಟ್ಟು ತುದಿಯನ್ನಷ್ಟೇ. ಕಪ್ಪು ಉಗುರಾದರೆ ಹಿಂದಿನಿಂದ ಟಾರ್ಚ್ ಹಿಡಿಯಿರಿ. ರಕ್ತ ಬಂದರೆ ಅದೇ ಕಾರ್ನ್‌ಫ್ಲೋರ್ ಒತ್ತಿ.

ಮಾರ್ಚ್ ಬರುವಷ್ಟರಲ್ಲಿ ಮೈಕೂದಲನ್ನು ಎರಡು ಸೆಂಟಿಮೀಟರ್‌ಗೆ ಇಳಿಸಿಬಿಡಿ. ಅಂದ ಹೋಗುತ್ತದೆ ಎಂದು ಮನೆಯವರು ತಡೆದರೂ ಕೇಳಬೇಡಿ. ಮೊಲ ಬೆವರಿ ಮೈ ತಣಿಸಿಕೊಳ್ಳಲಾರದು, 30 ಡಿಗ್ರಿ ಸೆಲ್ಸಿಯಸ್ ಸೆಕೆಯೇ ಅದಕ್ಕೆ ಅಪಾಯ. ನೀರು ತುಂಬಿ ಫ್ರೀಜರಿನಲ್ಲಿಟ್ಟ ಬಾಟಲಿಯನ್ನು ಬಟ್ಟೆ ಸುತ್ತಿ ಪಕ್ಕದಲ್ಲಿಟ್ಟರೆ ಒರಗಿಕೊಂಡು ಮಲಗುತ್ತದೆ.

ಹೊಟ್ಟೆಗೆ ಹೋದ ಕೂದಲು

ಎಷ್ಟು ಬಾಚಿದರೂ ಸ್ವಲ್ಪ ಕೂದಲು ನುಂಗುತ್ತದೆ. ಮೊಲ ವಾಂತಿ ಮಾಡಲಾರದು, ನುಂಗಿದ್ದೆಲ್ಲ ಕೆಳಗೇ ಹೋಗಬೇಕು. ಅದನ್ನು ತಳ್ಳುವುದು ನಾರು. ಆಹಾರದಲ್ಲಿ ಐದರಲ್ಲಿ ನಾಲ್ಕು ಪಾಲು ಒಣಹುಲ್ಲು ಇರಲಿ. ಆಮದು ಟಿಮೊಥಿ ಹುಲ್ಲು ದುಬಾರಿಯೆನಿಸಿದರೆ ರೋಡ್ಸ್ ಹುಲ್ಲು ಕೊಡಿ, ಜೊತೆಗೆ ತೊಳೆದ ಗರಿಕೆ. ರಸ್ತೆ ಬದಿಯಲ್ಲಿ ಕಿತ್ತದ್ದು ಮಾತ್ರ ಬೇಡ.

ಬೆಳಿಗ್ಗೆ ಗೂಡು ಗುಡಿಸುವಾಗ ಹಿಕ್ಕೆ ನೋಡಿ. ಕೂದಲಲ್ಲಿ ಪೋಣಿಸಿದಂತೆ ಒಂದಕ್ಕೊಂದು ಅಂಟಿಕೊಂಡಿದ್ದರೆ ಹುಲ್ಲು, ನೀರು, ಬಾಚುವುದು ಮೂರನ್ನೂ ಹೆಚ್ಚಿಸಿ. ಹಿಕ್ಕೆ ಸಣ್ಣದಾಗುತ್ತಾ ನಿಂತು, ಮೊಲ 12 ಗಂಟೆಯಿಂದ ಏನೂ ತಿನ್ನದೆ ಮುದುರಿ ಕೂತಿದ್ದರೆ ಅದು ತುರ್ತುಸ್ಥಿತಿ, ಬೆಳಗಾಗಲಿ ಎಂದು ಕಾಯಬೇಡಿ. ಮೊಲ ನೋಡಿ ಅನುಭವ ಇರುವ ವೈದ್ಯರು ಎಲ್ಲ ಕಡೆ ಸಿಗುವುದಿಲ್ಲ. ಬೆಂಗಳೂರಿನ ಹೆಬ್ಬಾಳ, ಶಿವಮೊಗ್ಗ, ಹಾಸನ, ಗದಗ, ಬೀದರ್‌ಗಳಲ್ಲಿ ಪಶುವೈದ್ಯಕೀಯ ಕಾಲೇಜುಗಳಿವೆ. ನಿಮಗೆ ಹತ್ತಿರದ್ದು ಯಾವುದು, ರಾತ್ರಿ ಯಾರು ಸಿಗುತ್ತಾರೆ ಎಂದು ಮೊಲ ಚೆನ್ನಾಗಿರುವಾಗಲೇ ವಿಚಾರಿಸಿಟ್ಟುಕೊಳ್ಳಿ.