ಡಬಲ್ ರೆಡ್ಡೋ ಟ್ರಿಪಲ್ ರೆಡ್ಡೋ? ಕಾಕಟೂ ಮೀನು ಕೊಳ್ಳುವ ಮುಂಚೆ ಹೀಗೆ ನೋಡಿ

ಡ್ವಾರ್ಫ್ ಸಿಕ್ಲಿಡ್, ಅಂದರೆ ಅಕ್ವೇರಿಯಂನಲ್ಲಿ ಸಾಕುವ ಒಂದು ಬಗೆಯ ಪುಟ್ಟ ಬಣ್ಣದ ಮೀನು, ಕೊಳ್ಳುವವರಲ್ಲಿ ಹೆಚ್ಚಿನವರು ಓದುವುದು ಟ್ಯಾಂಕಿಗೆ ಅಂಟಿಸಿದ ಚೀಟಿಯನ್ನು, ಮೀನನ್ನಲ್ಲ. 'ಟ್ರಿಪಲ್ ರೆಡ್', ಅಂದರೆ ಮೂರು ರೆಕ್ಕೆಯಲ್ಲಿ ಕೆಂಪು, ಅಂತ ಬರೆದಿರುತ್ತದೆ, ಜಾಸ್ತಿ ದುಡ್ಡು ಕೊಟ್ಟು ತರುತ್ತಾರೆ. ಮೀನು ದೊಡ್ಡದಾದ ಮೇಲೆ ನೋಡಿದರೆ ಬಾಲದಲ್ಲಿ ಮಾತ್ರ ಕೆಂಪು. ಅಂಗಡಿಯವರನ್ನು ಕೇಳಿದರೆ ಅವರಿಗೂ ಗೊತ್ತಿರುವುದಿಲ್ಲ, ಪೆಟ್ಟಿಗೆಯ ಮೇಲೆ ಹಾಗೆ ಬರೆದಿತ್ತು ಅಷ್ಟೇ. ಹಾಗಾಗಿ ಅಪಿಸ್ಟೊಗ್ರಾಮಾ ಕಾಕಟುಆಯ್ಡಿಸ್, ಅಂದರೆ ಎಲ್ಲರೂ 'ಕಾಕಟೂ' ಅನ್ನುವ ಮೀನನ್ನೇ ಇಟ್ಟುಕೊಂಡು ಹೇಳುತ್ತೇನೆ. ಇದರ ಮೂಲ ಪೆರು ಕಡೆಯ ಅಮೆಜಾನ್ ನದಿಗಳು. ಕಾಡಿನ ಮೀನು ಹೆಚ್ಚಾಗಿ ಬೂದು-ಹಳದಿ. ನಮಗೆ ಸಿಗುವ ಇಷ್ಟೊಂದು ಕೆಂಪು ಸಾಕಣೆಯಲ್ಲಿ ಆರಿಸಿ ಆರಿಸಿ ಬೆಳೆಸಿದ್ದು.

ಮೊದಲು ಬೆಳಕು. ಗುಲಾಬಿ ಎಲ್‌ಇಡಿ ಹಾಕಿದ ಟ್ಯಾಂಕಿನಲ್ಲಿ ಯಾವ ಮೀನೂ ಕೆಂಪಾಗಿಯೇ ಕಾಣುತ್ತದೆ. ಆ ದೀಪ ಆರಿಸಲು ಹೇಳಿ, ಮೊಬೈಲ್ ಟಾರ್ಚ್ ಅನ್ನು ಗಾಜಿಗೆ ಓರೆಯಾಗಿ ಹಿಡಿಯಿರಿ. ಆರಿಸಲ್ಲ ಅಂದರೆ ಬೇರೆ ಅಂಗಡಿ ನೋಡಿ.

ಎರಡನೆಯದು, ಮೀನು ಕಾಕಟೂ ಹೌದೋ ಅಲ್ಲವೋ. ಬೆಳೆದ ಗಂಡಿನ ಬೆನ್ನಿನ ರೆಕ್ಕೆಯ ಮುಂದಿನ ಕೆಲವು ಮುಳ್ಳುಗಳು ಜುಟ್ಟಿನಂತೆ ಎದ್ದಿರುತ್ತವೆ, ಬಾಲದಲ್ಲಿ ಮೇಲೊಂದು ಕೆಳಗೊಂದು ಎರಡು ಚೂಪು. ಬೆಳೆದ ಗಂಡಿನ ಬಾಲದ ನಡುವೆ ಒಂದೇ ಚೂಪಿದ್ದರೆ ಅದು ಅಗಾಸಿಜಿ ಅನ್ನುವ ಬೇರೆ ಜಾತಿ ಇರಬಹುದು, ದುಂಡಗಿದ್ದರೆ ಇನ್ನೊಂದು ಜಾತಿ. ಬಣ್ಣ ಎಷ್ಟು ಚೆನ್ನಾಗಿದ್ದರೂ ಮೊದಲು ಬಾಲ ನೋಡಿ.

ಈಗ ಜನ ಎಡವುವ ಜಾಗಕ್ಕೆ ಬರೋಣ. ಡಬಲ್ ರೆಡ್ ಅಂದರೆ ಬಾಲದಲ್ಲೂ ಬೆನ್ನಿನ ರೆಕ್ಕೆಯಲ್ಲೂ ಕೆಂಪು ಅಥವಾ ಕಿತ್ತಳೆ. ಟ್ರಿಪಲ್ ರೆಡ್ ಅಂದರೆ ಇವೆರಡರ ಜೊತೆ ಹೊಟ್ಟೆಯ ಹಿಂದೆ, ಬಾಲಕ್ಕೆ ಹತ್ತಿರ ಇರುವ ಒಂಟಿ ರೆಕ್ಕೆಯಲ್ಲೂ ಬಣ್ಣ ಇರಬೇಕು. ಮೋಸ ಆಗುವುದು ಇಲ್ಲೇ. ಎದೆಯ ಕೆಳಗೆ ಜೋಡಿಯಾಗಿ ಇಳಿಬಿದ್ದಿರುವ ಸಣ್ಣ ರೆಕ್ಕೆಗಳು ಕಿತ್ತಳೆ ಇದ್ದರೆ ಅದನ್ನೂ ಲೆಕ್ಕಕ್ಕೆ ಸೇರಿಸಿ 'ಮೂರು' ಅನ್ನುತ್ತಾರೆ. ಸೇರಿಸಬೇಡಿ. ಬಾಲದಲ್ಲಿ ಎರಡು ಕೆಂಪು ಮಚ್ಚೆ ಇದ್ದರೆ ಡಬಲ್ ಅನ್ನುವವರೂ ಇದ್ದಾರೆ. ಅದೂ ಅಲ್ಲ. ಎಣಿಸಬೇಕಾದದ್ದು ರೆಕ್ಕೆ, ಮಚ್ಚೆಯಲ್ಲ. ಬೆನ್ನಿನ ರೆಕ್ಕೆಯ ಅಂಚಿನಲ್ಲಿ ಗೆರೆಯಷ್ಟು ಕಿತ್ತಳೆ ಇದ್ದರೆ ನಾನಂತೂ ಡಬಲ್ ಅಂತ ಒಪ್ಪುವುದಿಲ್ಲ, ಹಿಂಭಾಗ ಪೂರ್ತಿ ತುಂಬಿರಬೇಕು. ಮೀನು ರೆಕ್ಕೆ ಮಡಚಿಕೊಂಡಿದ್ದರೆ ಇದೇನೂ ಕಾಣುವುದಿಲ್ಲ, ಆದ್ದರಿಂದ ಇನ್ನೊಂದು ಗಂಡು ಹತ್ತಿರ ಬರುವವರೆಗೆ ಕಾಯಿರಿ. ಜಗಳಕ್ಕೆ ನಿಂತ ಕೂಡಲೇ ರೆಕ್ಕೆ ಎಲ್ಲಾ ಬಿಚ್ಚುತ್ತದೆ. ತೀರಾ ಸಣ್ಣ ಮರಿಯಲ್ಲಿ ಇದನ್ನೆಲ್ಲ ಹುಡುಕುವುದು ವ್ಯರ್ಥ. ಬಣ್ಣ ನಿಧಾನಕ್ಕೆ ತುಂಬುತ್ತದೆ, ಅದಕ್ಕೇ ಮರಿ ಕೊಳ್ಳುವುದಾದರೆ ಅಪ್ಪ ಅಮ್ಮ ಮೀನನ್ನು ತೋರಿಸಿ ಅನ್ನಿ.

ಮೈಮೇಲಿನ ಪಟ್ಟಿ ನೋಡಿ ಇದು ಬೇರೆ ತಳಿ ಅಂದುಕೊಳ್ಳುವುದು ಇನ್ನೊಂದು ತಪ್ಪು. ಆ ಪಟ್ಟಿ ಮೀನಿನ ಮನಸ್ಸಿನ ಮೇಲೆ ಹೋಗುತ್ತದೆ. ಹೆದರಿದಾಗ ಕಣ್ಣಿಂದ ಬಾಲದವರೆಗೆ ಕಪ್ಪು ಗೆರೆ ಎದ್ದು ಕಾಣುತ್ತದೆ, ಸಮಾಧಾನವಾದ ಮೇಲೆ ಅದೇ ಗೆರೆ ಮಸುಕಾಗುತ್ತದೆ. ಮೊಟ್ಟೆ ಮರಿ ಕಾಯುವ ಹೆಣ್ಣು ಅಚ್ಚ ಹಳದಿಗೆ ತಿರುಗುತ್ತದೆ. ಅದನ್ನು ನೋಡಿ 'ಗೋಲ್ಡ್ ತಳಿ' ಅಂತ ಹೇಳಿ ಮಾರಿದರೆ ಸುಮ್ನೆ ನಕ್ಕು ಮುಂದೆ ಹೋಗಿ. ಹತ್ತು ನಿಮಿಷ ಅಲ್ಲೇ ನಿಂತರೆ ಬದಲಾಗುವುದು ಯಾವುದು, ಬದಲಾಗದೆ ಉಳಿಯುವುದು ಯಾವುದು ಗೊತ್ತಾಗುತ್ತದೆ.

ಕೆಂಪು ಹೆಚ್ಚಿಸುವ ಆಹಾರದ ಡಬ್ಬಿಗಳ ಬಗ್ಗೆ ಒಂದು ಮಾತು. ಅಸ್ಟಜಾಂಥಿನ್ ಅನ್ನುವ ಕೆಂಪು ವರ್ಣದ್ರವ್ಯ ಇರುವ ಆಹಾರ ಇರುವ ಕೆಂಪನ್ನು ಗಾಢ ಮಾಡಬಹುದು, ಇಲ್ಲದ ರೆಕ್ಕೆಗೆ ಕೆಂಪು ತರುವುದಿಲ್ಲ. ಆ ದುಡ್ಡಿಗೆ ಆರ್ಟೀಮಿಯಾ, ಅಂದರೆ ಮೀನಿಗೆ ಹಾಕುವ ಸಣ್ಣ ಸಿಗಡಿಯಂಥ ಜೀವಿ, ತನ್ನಿ. ಬೆರಳಿನ ಉಗುರಷ್ಟು ಮರಿಗಳೆಲ್ಲ ಒಂದೇ ಸಮ ಫಳಫಳ ಹೊಳೆಯುತ್ತಿದ್ದರೆ ಹಾರ್ಮೋನ್ ಕೊಟ್ಟಿರಬಹುದು ಅಂತ ಅನುಮಾನಿಸಿ. ಆ ಬಣ್ಣ ಇಳಿದುಹೋಗುತ್ತದೆ. ರಾಮ್ ಅನ್ನುವ ಇನ್ನೊಂದು ಡ್ವಾರ್ಫ್ ಸಿಕ್ಲಿಡ್ ಮೀನಿನಲ್ಲೂ ಇದೇ ಕಥೆ. ಅಂದ ಹಾಗೆ 'ಜರ್ಮನ್ ಬ್ಲೂ ರಾಮ್' ಜರ್ಮನಿಯ ಮೀನಲ್ಲ, ವೆನೆಜುವೆಲಾ ಮತ್ತು ಕೊಲಂಬಿಯಾದ ಒರಿನೊಕೊ ಬಯಲಿನದು. ಗೋಲ್ಡ್, ಎಲೆಕ್ಟ್ರಿಕ್ ಬ್ಲೂ ಎರಡೂ ಅದರದ್ದೇ ಸಾಕಿದ ರೂಪಗಳು. ಬೊಲಿವಿಯನ್ ರಾಮ್ ಮಾತ್ರ ನಿಜಕ್ಕೂ ಬೇರೆ ಜಾತಿ. ಗುಂಡು ಹೊಟ್ಟೆಯ 'ಬಲೂನ್' ರೂಪ ಯಾರು ಎಷ್ಟೇ ಹೊಗಳಲಿ, ಕೊಳ್ಳಬೇಡಿ.

ಕೊನೆಗೆ ಹೆಣ್ಣು. ಬಣ್ಣ ಕಡಿಮೆ, ಗಾತ್ರ ಚಿಕ್ಕದು ಅಂತ ಅಂಗಡಿಯವರು ಕೈಗೆ ಸಿಕ್ಕಿದ್ದನ್ನು ಜೋಡಿ ಮಾಡಿ ಕೊಡುತ್ತಾರೆ. ಆದರೆ ಬಲಿಷ್ಠ ಗಂಡಿರುವ ಟ್ಯಾಂಕಿನಲ್ಲಿ ಸೋತ ಗಂಡುಗಳು ಹೆಣ್ಣಿನ ಬಣ್ಣದಲ್ಲೇ ಇದ್ದುಬಿಡುತ್ತವೆ. ಎದೆಯ ಕೆಳಗಿನ ಜೋಡಿ ರೆಕ್ಕೆಯ ಮುಂದಿನ ಅಂಚು ಕಪ್ಪಗಿದ್ದರೆ ಅದು ಹೆಣ್ಣಾಗಿರುವ ಸಾಧ್ಯತೆ ಜಾಸ್ತಿ. ಗಂಡು ಹೆಣ್ಣು ಒಂದೇ ತಳಿಯ ಟ್ಯಾಂಕಿನಿಂದ ತೆಗೆದುಕೊಳ್ಳಿ. ಟ್ರಿಪಲ್ ರೆಡ್ ಗಂಡಿಗೆ ಯಾವುದೋ ಹೆಣ್ಣು ಜೋಡಿಸಿದರೆ ಮರಿಗಳಲ್ಲಿ ಎಲ್ಲ ಬಗೆಯೂ ಬರುತ್ತವೆ, ಅವನ್ನು ಮತ್ತೆ 'ಟ್ರಿಪಲ್ ರೆಡ್' ಚೀಟಿ ಅಂಟಿಸಿ ಮಾರುವವರು ಈಗಾಗಲೇ ಬೇಕಾದಷ್ಟು ಜನ ಇದ್ದಾರೆ.