ಮೊದಲು ಆ ಶಾಲೆಗೆ ಹೋಗಿ: ಕಾಂಬೋಡಿಯಾದ ನರಮೇಧವನ್ನು ತಿಳಿಯೋದು ಹೇಗೆ

ಅಂಗ್ಕೋರ್ ವಾಟ್ ನೋಡಿ, ವಾಪಸ್ ಬರುವಾಗ ರಾಜಧಾನಿ ನೋಮ್ ಪೆನ್‌ನಲ್ಲಿ ಅರ್ಧ ದಿನ ಸಿಕ್ಕರೆ "ಆ ಜೈಲನ್ನೂ ನೋಡಿಬಿಡೋಣ" ಅಂತ ಹೊರಡುವವರು ತುಂಬಾ ಜನ. ದಯವಿಟ್ಟು ಹಾಗೆ ಮಾಡಬೇಡಿ. ಎರಡು ದಿನ ಇಟ್ಟುಕೊಳ್ಳಿ, ಒಂದು ದಿನಕ್ಕೆ ಒಂದೇ ಜಾಗ.

ಹೋಗುವ ಮೊದಲು ಎರಡು ತಾರೀಖು ಗೊತ್ತಿದ್ದರೆ ಸಾಕು. 1975ರ ಏಪ್ರಿಲ್ 17ರಂದು ಖ್ಮೇರ್ ರೂಜ್ (ಪೋಲ್ ಪಾಟ್ ನಾಯಕತ್ವದ ಕಮ್ಯುನಿಸ್ಟರು) ಸೈನಿಕರು ನೋಮ್ ಪೆನ್‌ಗೆ ನುಗ್ಗಿದರು. 1979ರ ಜನವರಿ 7ರಂದು ವಿಯೆಟ್ನಾಂ ಸೈನ್ಯ ಬಂದು ಅವರನ್ನು ಓಡಿಸಿತು. ನಡುವಿನ ಕಾಲವನ್ನು ಅಲ್ಲಿನವರು ಇವತ್ತಿಗೂ 3 ವರ್ಷ, 8 ತಿಂಗಳು, 20 ದಿನ ಅಂತಲೇ ಹೇಳುತ್ತಾರೆ.

ಇದು ಇದ್ದಕ್ಕಿದ್ದಂತೆ ಆಗಿದ್ದಲ್ಲ. ಅದಕ್ಕೂ ಮೊದಲು ಐದು ವರ್ಷ ಅಂತರ್ಯುದ್ಧ ನಡೆದಿತ್ತು, 1973ರ ತನಕ ಅಮೆರಿಕದ ಬಾಂಬುಗಳು ಹಳ್ಳಿಗಳ ಮೇಲೆ ಬೀಳುತ್ತಿದ್ದವು. ಹಾಗಾಗಿ ಯುದ್ಧ ಮುಗಿಯಿತು ಅಂತ ನಗರದ ಜನ ಮೊದಲು ಖುಷಿಪಟ್ಟರು. ಖ್ಮೇರ್ ರೂಜ್‌ನವರು ಅದೇ ದಿನ ಎಲ್ಲರನ್ನೂ ಮನೆಯಿಂದ ಹೊರಡಿಸಲು ಶುರು ಮಾಡಿದರು. ಅಮೆರಿಕ ಬಾಂಬ್ ಹಾಕುತ್ತದೆ, ಮೂರು ದಿನ ಬಿಟ್ಟು ಬರಬಹುದು ಅಂದರು. ಆಸ್ಪತ್ರೆಯಲ್ಲಿದ್ದ ರೋಗಿಗಳನ್ನೂ ಬಿಡಲಿಲ್ಲ. ಹಣ, ಮಾರುಕಟ್ಟೆ, ಶಾಲೆ, ಬೌದ್ಧ ವಿಹಾರ ಎಲ್ಲ ರದ್ದಾಯಿತು. ಎಲ್ಲರೂ ಗದ್ದೆಗೆ. ಒಂದು ಹೆಕ್ಟೇರಿಗೆ 3 ಟನ್ ಭತ್ತ ಬೆಳೆಯಲೇಬೇಕು ಅಂತ ಮೇಲಿನಿಂದ ಆಜ್ಞೆ. ಬೆಳೆದದ್ದನ್ನು ಲಾರಿ ತುಂಬಿ ಒಯ್ದರು, ಬೆಳೆದವರಿಗೆ ನೀರುಗಂಜಿ. 80 ಲಕ್ಷಕ್ಕೂ ಕಡಿಮೆ ಜನರಿದ್ದ ದೇಶದಲ್ಲಿ 15ರಿಂದ 20 ಲಕ್ಷ ಜನ ಹಸಿವು, ಕಾಯಿಲೆ, ದುಡಿತ ಮತ್ತು ಕೊಲೆಯಿಂದ ಸತ್ತರು.

ಇಷ್ಟು ತಿಳಿದುಕೊಂಡು ಮೊದಲ ದಿನ ಆ ಜೈಲಿಗೆ, ಅಂದರೆ ತುವೊಲ್ ಸ್ಲೆಂಗ್‌ಗೆ ಹೋಗಿ. ಬೆಳಿಗ್ಗೆ ಬಾಗಿಲು ತೆಗೆಯುವ ಹೊತ್ತಿಗೆ ಹೋದರೆ ಗದ್ದಲ ಇರುವುದಿಲ್ಲ. ಆಡಿಯೋ ಗೈಡ್ ಖಂಡಿತ ತೆಗೆದುಕೊಳ್ಳಿ. ಭುಜ, ಮೊಣಕಾಲು ಮುಚ್ಚುವ ಬಟ್ಟೆ ಹಾಕಿಕೊಳ್ಳಿ. ಚಿಕ್ಕ ಮಕ್ಕಳನ್ನು ಕರೆದುಕೊಂಡು ಹೋಗಬೇಡಿ.

ಒಳಗೆ ಹೋದ ತಕ್ಷಣ ಕಟ್ಟಡದೊಳಗೆ ನುಗ್ಗಬೇಡಿ. ಅಂಗಳದ ಬೆಂಚಿನ ಮೇಲೆ ಹತ್ತು ನಿಮಿಷ ಸುಮ್ನೆ ಕೂತು ಇದನ್ನು ಶಾಲೆಯಾಗಿ ನೋಡಿ. ಇದು ಮೊದಲು ನಿಜವಾಗಿ ಹೈಸ್ಕೂಲೇ, ಖ್ಮೇರ್ ರೂಜ್‌ನವರು ಅದನ್ನು ಜೈಲು ಮಾಡಿದರು. ನಾನು ಇಪ್ಪತ್ತೆರಡು ವರ್ಷದಿಂದ ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತಿದ್ದೇನೆ. ಉದ್ದನೆಯ ವರಾಂಡ, ಸಾಲಾಗಿ ಕೋಣೆಗಳು, ಹಳದಿ-ಬಿಳಿ ಟೈಲ್ಸ್ ನೆಲ. ಬೆಲ್ ಹೊಡೆದರೆ ಮಕ್ಕಳು ಎಲ್ಲಿಂದ ಓಡಿ ಬರುತ್ತಿದ್ದರು ಅಂತ ನನಗೆ ಕೂತಲ್ಲೇ ಗೊತ್ತಾಯಿತು. ಆಮೇಲೆ ಒಳಗೆ ಹೋದೆ. ಕ್ಲಾಸ್‌ರೂಮಿನೊಳಗೆ ಇಟ್ಟಿಗೆ ಗೋಡೆ ಎಬ್ಬಿಸಿ, ಒಬ್ಬರು ಮಲಗುವಷ್ಟೇ ಜಾಗದ ಗೂಡುಗಳನ್ನು ಮಾಡಿದ್ದಾರೆ. ಕೋಣೆಯಿಂದ ಕೋಣೆಗೆ ದಾರಿ ಮಾಡಲು ಗೋಡೆ ಒಡೆದಿದ್ದಾರೆ. ಈ ಜೈಲಿನ ಮುಖ್ಯಸ್ಥ ಡುಚ್ ಹಿಂದೆ ಗಣಿತದ ಮೇಷ್ಟ್ರು. ಚಿತ್ರಹಿಂಸೆ ಕೊಟ್ಟು ಬರೆಸಿದ ತಪ್ಪೊಪ್ಪಿಗೆಗಳನ್ನು ತಾನೇ ಓದಿ, ಅಂಚಿನಲ್ಲಿ ಟಿಪ್ಪಣಿ ಬರೆಯುತ್ತಿದ್ದ. ಉತ್ತರಪತ್ರಿಕೆ ತಿದ್ದುವ ಕೈ ನನ್ನದೂ. ಆ ಹಾಳೆಗಳ ಮುಂದೆ ನನಗೆ ಜಾಸ್ತಿ ಹೊತ್ತು ನಿಲ್ಲಲು ಆಗಲಿಲ್ಲ.

ಕೈದಿಗಳ ಫೋಟೋಗಳು ಗೋಡೆ ತುಂಬಾ ಇವೆ. ಇಲ್ಲಿಗೆ ಬಂದವರು 12 ಸಾವಿರದಿಂದ 20 ಸಾವಿರ ಅಂತ ಅಂದಾಜು. ಅವರಲ್ಲಿ ತುಂಬಾ ಜನ ಖ್ಮೇರ್ ರೂಜ್‌ನವರೇ, ದ್ರೋಹಿ ಅಂತ ಹಣೆಪಟ್ಟಿ ಹಚ್ಚಿ ತಂದವರು. ಬದುಕಿ ಹೊರಬಂದವರು ಬೆರಳೆಣಿಕೆಯಷ್ಟು. ಇವರಲ್ಲಿ ವಾನ್ ನಾಥ್ ಚಿತ್ರ ಬರೆಯಬಲ್ಲವರಾಗಿದ್ದಕ್ಕೆ, ಚುಮ್ ಮೇ ಯಂತ್ರ ರಿಪೇರಿ ಬಲ್ಲವರಾಗಿದ್ದಕ್ಕೆ ಉಳಿದುಕೊಂಡರು. ಎಲ್ಲ ಫೋಟೋ ನೋಡಲು ಹೋದರೆ ಸ್ವಲ್ಪ ಹೊತ್ತಿಗೆ ಯಾವ ಮುಖವೂ ಕಾಣುವುದಿಲ್ಲ. ಒಂದನ್ನು ಆರಿಸಿಕೊಳ್ಳಿ, ಅದರ ಮುಂದೆ ಐದು ನಿಮಿಷ ನಿಲ್ಲಿ. ನಾನು ನಿಂತಿದ್ದು ಒಬ್ಬ ಹುಡುಗನ ಮುಂದೆ. ಒಂಬತ್ತನೇ ಕ್ಲಾಸಿನ ವಯಸ್ಸು ಇರಬಹುದು. ಅಂಗಿಯ ಕುತ್ತಿಗೆ ಗುಂಡಿಯನ್ನೂ ಹಾಕಿಕೊಂಡಿದ್ದ, ಗ್ರೂಪ್ ಫೋಟೋ ದಿನ ನಮ್ಮ ಮಕ್ಕಳು ಹಾಕಿಕೊಳ್ಳುವ ಹಾಗೆ.

ಅವತ್ತು ಬೇರೆ ಏನೂ ನೋಡಬೇಡಿ. ಮಾರನೇ ದಿನ ಟುಕ್‌ಟುಕ್ ಹಿಡಿದು ಚೋಯುಂಗ್ ಏಕ್‌ಗೆ ಹೋಗಿ, ಸುಮಾರು 15 ಕಿಲೋಮೀಟರ್. ಜೈಲಿನಿಂದ ರಾತ್ರಿ ಹೊತ್ತು ಲಾರಿಯಲ್ಲಿ ಜನರನ್ನು ತರುತ್ತಿದ್ದುದು ಇಲ್ಲಿಗೇ. ಗುಂಡು ಉಳಿಸಲು ಗುದ್ದಲಿ, ಕಬ್ಬಿಣದ ಸರಳುಗಳಲ್ಲಿ ಹೊಡೆದು ಕೊಂದರು. ಗೋಳು ಹೊರಗೆ ಕೇಳಬಾರದು ಅಂತ ಮರಕ್ಕೆ ಧ್ವನಿವರ್ಧಕ ಕಟ್ಟಿ ಹಾಡು ಹಾಕುತ್ತಿದ್ದರು. ಹೆಣ ಹೂತ 129 ಗುಂಡಿಗಳಲ್ಲಿ 86ನ್ನು ಅಗೆದಾಗ ಸುಮಾರು 9 ಸಾವಿರ ಜನರ ಅವಶೇಷ ಸಿಕ್ಕಿತು. ಮಿಕ್ಕವನ್ನು ಹಾಗೇ ಬಿಟ್ಟಿದ್ದಾರೆ. ಮಳೆ ಬಂದ ಮೇಲೆ ಹೋದರೆ ಕಾಲು ನೋಡಿಕೊಂಡು ನಡೆಯಿರಿ. ಮಣ್ಣಿನಿಂದ ಬಟ್ಟೆಯ ಚೂರು, ಎಲುಬು ಮೇಲೆ ಬರುತ್ತವೆ. ಮುಟ್ಟಬೇಡಿ, ಅಲ್ಲಿನ ಸಿಬ್ಬಂದಿಗೆ ತೋರಿಸಿ. ಸ್ತೂಪದೊಳಗೆ ತಲೆಬುರುಡೆಗಳಿವೆ. ಚಪ್ಪಲಿ ಬಿಟ್ಟು ಹೋಗಿ. ಸೆಲ್ಫಿ ಬೇಡ.

ಊರಿಗೆ ಬಂದ ಮೇಲೆ ಕೋರ್ಟಿನ ಕಥೆ ಓದಿ. ಪೋಲ್ ಪಾಟ್ 1998ರಲ್ಲಿ ಸತ್ತ, ಅಂತಾರಾಷ್ಟ್ರೀಯ ವಿಚಾರಣೆ ಎದುರಿಸದೆಯೇ. ವಿಶ್ವಸಂಸ್ಥೆಯ ನೆರವಿನ ಕೋರ್ಟ್ ಕೊನೆಗೆ ಶಿಕ್ಷೆ ಕೊಟ್ಟಿದ್ದು ಮೂರೇ ಜನರಿಗೆ: ಡುಚ್, ಮತ್ತು ಖ್ಮೇರ್ ರೂಜ್‌ನ ಮುಖ್ಯ ನಾಯಕರಾದ ನುವೊನ್ ಚಿಯಾ, ಖಿಯು ಸಂಫಾನ್. ಇಲ್ಲೊಂದು ಸೂಕ್ಷ್ಮ ಇದೆ. 2018ರ ತೀರ್ಪು 'ನರಮೇಧ' ಅಂದಿದ್ದು ಚಾಮ್ ಮುಸ್ಲಿಮರು ಮತ್ತು ವಿಯೆಟ್ನಾಮಿಗಳ ಹತ್ಯೆಗೆ. ದೇಶದ ಬಹುಸಂಖ್ಯಾತರಾದ ಖ್ಮೇರ್ ಜನರ ಸಾವು ಕಾನೂನಿನ ಲೆಕ್ಕದಲ್ಲಿ ಮಾನವತೆಯ ಮೇಲಿನ ಅಪರಾಧ. ಸತ್ತವರಿಗೆ ಈ ವ್ಯತ್ಯಾಸದಿಂದ ಏನಾಗಬೇಕು ಅಂತ ನನಗೂ ಅನ್ನಿಸಿತು. ಆದರೂ ಪದವನ್ನು ಸರಿಯಾಗಿ ಬಳಸೋಣ, ಇಲ್ಲದಿದ್ದರೆ ಚಾಮ್ ಜನರನ್ನು ಅವರು ಚಾಮ್ ಅನ್ನುವ ಕಾರಣಕ್ಕೇ ಕೊಂದರು ಅನ್ನುವುದು ಮರೆಯಾಗುತ್ತದೆ.

ಕೊನೆಯದಾಗಿ, ನೋಮ್ ಪೆನ್‌ನಲ್ಲಿ ಕೂದಲು ನೆರೆತವರನ್ನು ಕಂಡರೆ "ನಿಮ್ಮ ಮನೆಯಲ್ಲಿ ಯಾರು ಸತ್ತರು" ಅಂತ ಕೇಳಬೇಡಿ. ಅವರಾಗಿ ಹೇಳಿದರೆ ಫೋನ್ ಒಳಗಿಟ್ಟು ಕೇಳಿ. ನಾನಿದ್ದ ಗೆಸ್ಟ್‌ಹೌಸಿನ ಒಡತಿ ಎರಡು ದಿನ ಏನೂ ಮಾತಾಡಿರಲಿಲ್ಲ. ಮೂರನೇ ದಿನ ಬೆಳಿಗ್ಗೆ ಚಹಾ ತಂದಿಟ್ಟು, ಆಗ ತನಗೆ ಏಳು ವರ್ಷ, ಗೊಬ್ಬರಕ್ಕೆ ಸಗಣಿ ಆರಿಸುವುದು ತನ್ನ ಕೆಲಸ ಅಂದರು. ಬುಟ್ಟಿ ಎಷ್ಟು ದೊಡ್ಡದಿತ್ತು ಅಂತ ಎರಡೂ ಕೈ ಅಗಲಿಸಿ ತೋರಿಸಿದರು. ಆಮೇಲೆ ಕೈ ಇಳಿಸಿ, ಚಹಾಕ್ಕೆ ಸಕ್ಕರೆ ಬೇಕಾ ಅಂತ ಕೇಳಿದರು.